ಹೆಸರು ಬರೆಯಬೇಡಿ, ನಂಬರ್ ಒತ್ತಿ: ಶೆಲ್ ಮೆನುವಿನ ಕಥೆ

ಶೆಲ್ ಸ್ಕ್ರಿಪ್ಟ್ ಅಂದ ಕೂಡಲೇ ಮೂಗು ಮುರಿಯಬೇಡಿ. ಪಟ್ಟಿ ತೋರಿಸಿ "ಯಾವುದು ಬೇಕು, ನಂಬರ್ ಹೇಳಿ" ಎಂದು ಕೇಳುವ ಆ ಪುಟ್ಟ ಮೆನುವಿಗೂ ಒಂದು ಇತಿಹಾಸ ಇದೆ.

1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಸ್ಟೀಫನ್ ಬೋರ್ನ್ ಬರೆದ ಶೆಲ್ ಹೊರಬಂತು. ಅದರಲ್ಲಿ ಮೆನು ಬೇಕಾದರೆ ಸಾಮಾನ್ಯವಾಗಿ ಒಂದೊಂದು ಸಾಲನ್ನೂ 'ಎಕೋ' ಹಾಕಿ ತೋರಿಸಿ, ಉತ್ತರವನ್ನು 'ರೀಡ್' ಮಾಡಿ, 'ಕೇಸ್'ನಲ್ಲಿ ವಿಂಗಡಿಸಬೇಕಿತ್ತು. ಪಟ್ಟಿಗೆ ಒಂದು ಹೆಸರು ಸೇರಿದರೆ ಸ್ಕ್ರಿಪ್ಟನ್ನೇ ತಿದ್ದುವ ಕೆಲಸ.

1983ರಲ್ಲಿ ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ತಮ್ಮ ಶೆಲ್ಲನ್ನು ಪ್ರಕಟಿಸಿದರು. 'ಸೆಲೆಕ್ಟ್' ನಮಗೆ ಸಿಕ್ಕಿದ್ದು ಈ ಕಾರ್ನ್ ಶೆಲ್‌ನಿಂದ. ಪಟ್ಟಿ ಕೊಟ್ಟರೆ ಸಾಕು, ಅದೇ ನಂಬರ್ ಹಾಕಿ ತೋರಿಸಿ ಉತ್ತರಕ್ಕೆ ಕಾಯುತ್ತದೆ. 1989ರಲ್ಲಿ ಬ್ರಯಾನ್ ಫಾಕ್ಸ್ ಬಿಡುಗಡೆ ಮಾಡಿದ ಬ್ಯಾಶ್ ಮುಂದೆ ಇದನ್ನು ಎರವಲು ತಗೊಂಡಿತು. ಪಾಸಿಕ್ಸ್ ಮಾನಕ ಮಾತ್ರ ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಡ್ಯಾಶ್‌ನಂಥ ಸಣ್ಣ ಶೆಲ್‌ಗಳಲ್ಲಿ ಇವತ್ತಿಗೂ ಸೆಲೆಕ್ಟ್ ಇಲ್ಲ.

ಪಟ್ಟಿ ಫೈಲಿನಲ್ಲಿದ್ದರೆ ಇನ್ನೊಂದು ತೊಡಕು. ಖಾಲಿ ಜಾಗ ಕಂಡಲ್ಲಿ ಕತ್ತರಿಸುವುದು ಶೆಲ್‌ನ ಹಳೇ ಚಾಳಿ. ಮನೆಯ ಪುಸ್ತಕಗಳ ಪಟ್ಟಿಯನ್ನು 'ಕ್ಯಾಟ್' ಮಾಡಿ ನೇರ ಸೆಲೆಕ್ಟ್‌ಗೆ ಕೊಟ್ಟು ನೋಡಿ: 1 ಬೆಟ್ಟದ, 2 ಜೀವ! ಕಾರಂತರ ಒಂದು ಕಾದಂಬರಿ ಎರಡಾಗಿರುತ್ತೆ. ಇದಕ್ಕೆ ಸುಲಭದ ಮದ್ದು ಸಿಕ್ಕಿದ್ದು 2009ರ ಬ್ಯಾಶ್ 4ರಲ್ಲಿ, 'ಮ್ಯಾಪ್‌ಫೈಲ್' ರೂಪದಲ್ಲಿ. 'ಮೈನಸ್ ಟಿ' ಸೇರಿಸಿ ಫೈಲನ್ನು ಒಂದು ಅರೇಗೆ ತುಂಬಿ, ಆ ಅರೇಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಸೆಲೆಕ್ಟ್‌ಗೆ ಕೊಟ್ಟರೆ ಒಂದು ಸಾಲಿಗೆ ಒಂದು ಪುಸ್ತಕ. ಹೊಸ ಪುಸ್ತಕ ಬಂದರೆ ಫೈಲಿಗೆ ಸಾಲು ಸೇರಿಸಿ, ಸ್ಕ್ರಿಪ್ಟ್ ಮುಟ್ಟಬೇಕಿಲ್ಲ.

ಇಂಗ್ಲಿಷಿಗೆಂದು ಹುಟ್ಟಿದ ಈ ಸಲಕರಣೆಗೆ ಕನ್ನಡ ಒಗ್ಗುತ್ತದೆಯೇ? ಒಗ್ಗುತ್ತದೆ. ಕಾರಣ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಆ ಮೂರರಲ್ಲಿ ಯಾವುದೂ ಖಾಲಿ ಜಾಗದ ಅಥವಾ ಹೊಸ ಸಾಲಿನ ಬೈಟ್ ಆಗಿರುವುದಿಲ್ಲ. ಹಾಗಾಗಿ ನಮ್ಮ ಅಕ್ಷರ ನಡುವೆ ತುಂಡಾಗುವುದಿಲ್ಲ. ಒತ್ತಕ್ಷರ ಎಲ್ಲ ಟರ್ಮಿನಲ್‌ನಲ್ಲೂ ಅಂದವಾಗಿ ಕೂರುವುದಿಲ್ಲ ಅನ್ನುವುದು ಬೇರೆ ಮಾತು :) ಅಂದ ಹಾಗೆ, ಇಲ್ಲಿಯ ಚೆನ್ನೈ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್‌ನಲ್ಲೂ ಕನ್ನಡ ಇದೆ.

ಇಷ್ಟೆಲ್ಲ ಯಾಕೆ ಅಂತೀರಾ? ಚೆನ್ನೈನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಮಾತು ಸರಾಗ, ಓದು ಅಕ್ಷರ ಕೂಡಿಸಿಕೊಂಡು, ಟೈಪಿಂಗ್ ಸೊನ್ನೆ. "ಪುಸ್ತಕದ ಹೆಸರು ಟೈಪ್ ಮಾಡು" ಅಂದರೆ ಎದ್ದು ಹೋಗುತ್ತಾರೆ. "ನಂಬರ್ ಒತ್ತು" ಅಂದರೆ ಕೂರುತ್ತಾರೆ. ಆದರೆ ಸರಿಯಾದ ನಂಬರ್ ಒತ್ತಲು ಅದರ ಮುಂದಿನ ಹೆಸರನ್ನು ಓದಲೇಬೇಕಲ್ಲ?