ತೊರಕೆಯ ಮುಳ್ಳು, ಹಲಸಿಯ ವರಾಹ

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಅಮೇರಿಕೆಯಲ್ಲಿರುವ ನನ್ನ ಭಾವಮೈದುನ ಒಂದು ಚಿತ್ರ ಕಳಿಸಿದ. ಎದೆಮಟ್ಟದ ತಿಳಿನೀರಿನಲ್ಲಿ ಆತನೂ ಆತನ ಹೆಂಡತಿಯೂ ನಿಂತಿದ್ದಾರೆ. ಅವರ ಸುತ್ತ ಮೊರದಷ್ಟು ಅಗಲದ ಮೀನುಗಳು ಒದ್ದೆ ಕಂಬಳಿಯ ಹಾಗೆ ಅಂಚು ಬಡಿಯುತ್ತ ತಿರುಗುತ್ತಿವೆ. ವಿಹಾರದ ಹಡಗಿನಲ್ಲಿ ಕೆರಿಬಿಯನ್ ಸಮುದ್ರದ ಗ್ರಾಂಡ್ ಕೇಮನ್ ದ್ವೀಪಕ್ಕೆ ಹೋದವರು ಅಲ್ಲಿಯ ಮರಳುದಿಬ್ಬದ ಮೇಲೆ ಇಳಿದು ಹೀಗೆ ನಿಲ್ಲುವುದು ಒಂದು ರೂಢಿಯಂತೆ. ಹಿಂದೆ ಬೆಸ್ತರು ಆ ಶಾಂತವಾದ ನೀರಿಗೆ ದೋಣಿ ತಂದು ಮೀನು ಹಸನು ಮಾಡುತ್ತಿದ್ದರು. ಚೆಲ್ಲಿದ ತುಣುಕುಗಳಿಗಾಗಿ ಈ ಮೀನುಗಳು ನೆರೆಯತೊಡಗಿದವು. ೧೯೮೦ರ ದಶಕದಲ್ಲಿ ಮುಳುಗುಗಾರರು ಅವಕ್ಕೆ ಕೈಯಿಂದ ತಿನ್ನಿಸಲು ಕಲಿಸಿದರು. ಬಾಲದ ಮೇಲೆ ವಿಷದ ಮುಳ್ಳಿರುವ ಈ ಮೀನಿಗೆ ನಮ್ಮ ಕರಾವಳಿಯವರು ತೊರಕೆ ಎನ್ನುತ್ತಾರೆ.

ಚಿತ್ರ ನೋಡಿ ನನ್ನ ಮಗಳು, ತಾನೂ ನೋಡಬೇಕು ಎಂದಳು. ಕೇಮನ್ ನಮ್ಮ ಸಂಬಳಕ್ಕೆ ಎಟಕುವಂಥದಲ್ಲ. ಅವಳಿಗೂ ಅದು ಗೊತ್ತು. ಅವಳು ಕೇಳಿದ್ದು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯನ್ನು. ಅಲ್ಲಿ ದೋಣಿಯಲ್ಲಿ ಕರೆದೊಯ್ದು ನೀರಿಗಿಳಿಸುತ್ತಾರೆ, ತೊರಕೆಗಳೂ ಕಾಣಸಿಗುತ್ತವೆ ಎಂದು ಎಲ್ಲವನ್ನೂ ವಿಚಾರಿಸಿಟ್ಟಿದ್ದಳು. ನೀನು ಈಜು ಬಾರದವಳು ಎಂದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಗೋವಾವೇಸದ ಈಜುಗೊಳಕ್ಕೆ ಹೋಗಿ ಅವಳು ಎರಡು ಬೇಸಿಗೆ ಈಜು ಕಲಿತಿದ್ದಳೆಂಬ ಸಂಗತಿ ನಮ್ಮ ಮನೆಯಲ್ಲಿ ನನ್ನೊಬ್ಬನಿಗೆ ಮಾತ್ರ ತಿಳಿಯದ್ದಾಗಿತ್ತು! ಇನ್ನುಳಿದದ್ದು ತೊರಕೆಯೊಂದೇ. ಅದು ಪ್ರಾಣ ತೆಗೆಯುವ ಮೀನು, ಬೇಡ ಎಂದೆ.

“ಅಪ್ಪಾ, ನೀ ಒಮ್ಮೆರೆ ತೊರಕಿ ನೋಡೀಯೇನು?” ಎಂದಳು.

ನೋಡಿರಲಿಲ್ಲ. ನಾನು ಅಂಜಿದ್ದು ತೊರಕೆಗೂ ಅಲ್ಲ. ನಾನು ಹುಟ್ಟಿದ್ದು ಖಾನಾಪುರದಲ್ಲಿ, ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ನಮ್ಮ ಓಣಿಯ ಹುಡುಗರೆಲ್ಲ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವರು. ನಾನು ಒಂಬತ್ತು ವರ್ಷದವನಿದ್ದಾಗ, ಶ್ರಾವಣದ ಒಂದು ಸಂಜೆ, ನನ್ನ ಸೋದರಮಾವನ ಮಗ ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ನಾನು ದಂಡೆಯಲ್ಲಿ ಅವನ ಅಂಗಿ ಹಿಡಿದುಕೊಂಡು ನಿಂತಿದ್ದೆ. ಕತ್ತಲಾಗುವವರೆಗೆ ಹಾಗೆಯೇ ನಿಂತಿದ್ದೆನಂತೆ. ಮರುದಿನದಿಂದ ನಮ್ಮ ಮನೆಯ ಮಕ್ಕಳಿಗೆ ಹೊಳೆ ನಿಂತಿತು. ಅವ್ವ ಬೈಯಲಿಲ್ಲ, ಆಣೆ ಹಾಕಿಸಲಿಲ್ಲ. “ನೀರಿಗಿ ಹೋಗಬ್ಯಾಡಪಾ” ಎಂದಳು ಅಷ್ಟೆ. ನಲವತ್ತು ದಾಟಿದ ಮೇಲೆಯೂ ನಾನು ಆ ಮಾತನ್ನು ಮೀರಿರಲಿಲ್ಲ.

ಇದನ್ನು ಮಗಳಿಗೆ ಹೇಳುವುದು ಬಿಟ್ಟು, ಅಧ್ಯಾಪಕರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ವಾದ ಗೆಲ್ಲಲು ಗ್ರಂಥಗಳನ್ನು ತಿರುವಿ ಹಾಕತೊಡಗಿದೆ.

ಮೊದಲು ಸಾಕ್ಷಿಗಳು ಧಾರಾಳವಾಗಿ ದೊರೆತವು. ಗ್ರೀಕರ ವೀರ ಒಡಿಸ್ಯೂಸ್ ಸತ್ತದ್ದೇ ತೊರಕೆಯ ಮುಳ್ಳು ಜೋಡಿಸಿದ ಈಟಿಯಿಂದ ಎಂಬ ಕಥೆಯುಂಟು. ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ, ಈ ಮುಳ್ಳಿಗಿಂತ ಹೇಯವಾದುದು ಇನ್ನೊಂದಿಲ್ಲ, ಬೇರಿಗೆ ಚುಚ್ಚಿದರೆ ಗಿಡ ಸಾಯುತ್ತದೆ, ಕವಚವನ್ನೂ ಬಾಣದಂತೆ ತೂರಿ ಹೋಗುತ್ತದೆ ಎಂದು ಬರೆದಿಟ್ಟಿದ್ದಾನೆ. ನಮ್ಮ ಕಾಲದ್ದೇ ಬೇಕೆಂದರೆ, ಮೊಸಳೆಗಳೊಡನೆ ಆಡಿದ ಆಸ್ಟ್ರೇಲಿಯದ ಸ್ಟೀವ್ ಅರ್ವಿನ್ ೨೦೦೬ನೆಯ ಸಪ್ಟೆಂಬರ ೪ರಂದು ಎದೆಗೆ ತೊರಕೆಯ ಮುಳ್ಳು ನೆಟ್ಟು ತೀರಿಕೊಂಡ. ಇಷ್ಟು ಸಾಕು, ಗೆದ್ದೆ ಎಂದುಕೊಂಡೆ.

ಆದರೆ ಅದೇ ಓದಿನಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಎದುರಾದ. ಅಮೇರಿಕೆಯ ವರ್ಜೀನಿಯಾದಲ್ಲಿ ಇಂಗ್ಲಿಷರ ವಸಾಹತನ್ನು ನೆಲೆಗೊಳಿಸಿದವರಲ್ಲಿ ಈತನೊಬ್ಬ. ೧೬೦೮ರ ಬೇಸಿಗೆಯಲ್ಲಿ ಚೆಸಪೀಕ್ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಕತ್ತಿಯಿಂದ ಮೀನು ಇರಿಯುತ್ತ ಆಡುತ್ತಿದ್ದಾಗ, ಒಂದನ್ನು ಕತ್ತಿಯಿಂದ ಬಿಡಿಸಹೋಗಿ ಮಣಿಕಟ್ಟಿಗೆ ಮುಳ್ಳು ಹೊಡೆಸಿಕೊಂಡ. ಕೈ, ತೋಳು, ಹೆಗಲು ಎಲ್ಲ ಬಾತವು. ಉಳಿಯುವುದಿಲ್ಲವೆಂದು ತಾನೇ ಜಾಗ ತೋರಿಸಿ ಗೋರಿ ತೋಡಿಸಿದ. ಜೊತೆಗಿದ್ದ ವೈದ್ಯ ಯಾವುದೋ ಎಣ್ಣೆ ಹಚ್ಚಿದ. ಸಂಜೆಯ ಹೊತ್ತಿಗೆ ನೋವು ಇಳಿಯಿತು. ಸ್ಮಿತ್ ಸಾಹೇಬ ಎದ್ದು ಕುಳಿತು ತನ್ನನ್ನು ಚುಚ್ಚಿದ ಮೀನನ್ನೇ ರಾತ್ರಿಯೂಟಕ್ಕೆ ತಿಂದ! ಆ ಭೂಶಿರಕ್ಕೆ ಇಂದಿಗೂ ತೊರಕೆಯದೇ ಹೆಸರಿದೆ. ತೋಡಿದ ಗೋರಿ ಏನಾಯಿತೋ.

ಈ ಕಥೆಯಿಂದ ನನ್ನ ವಾದಕ್ಕೆ ಮೊದಲ ಬಿರುಕು ಬಿದ್ದಿತು. ಎರಡನೆಯದು ಮೀನಿನ ಸ್ವಭಾವದಿಂದ. ತೊರಕೆ ಬೆನ್ನಟ್ಟಿ ಬಂದು ಹೊಡೆಯುವ ಪ್ರಾಣಿಯಲ್ಲ. ಮರಳು ಹೊದ್ದು ತಳದಲ್ಲಿ ಮಲಗಿರುತ್ತದೆ. ಕಣ್ಣು ಮೇಲೆ, ಬಾಯಿ ಹೊಟ್ಟೆಯ ಕಡೆಗೆ. ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತದೆ. ತುಳಿದರೆ ಅಥವಾ ಹಿಡಿದರೆ ಬಾಲ ಎತ್ತುತ್ತದೆ. ಆದ್ದರಿಂದ ಬಲ್ಲವರು ಅಂಥ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದವನ್ನು ಮರಳಿನ ಮೇಲೆ ಎಳೆಯುತ್ತ ನಡೆಯುತ್ತಾರೆ. ಅದುರು ತಿಳಿದು ಅದು ತಾನೇ ಸರಿದುಹೋಗುತ್ತದೆ. ಚುಚ್ಚಿದರೂ ತಾಳಬಲ್ಲಷ್ಟು ಬಿಸಿನೀರಿನಲ್ಲಿ ಆ ಅಂಗವನ್ನು ಅದ್ದಿಟ್ಟರೆ ನೋವು ತಗ್ಗುತ್ತದೆ. ನಮ್ಮ ಬೆಳಗಾವಿಯ ಮೀನುಪೇಟೆಯಲ್ಲಿ ಮರಾಠಿಯವರು ಇದನ್ನು ಪಾಕಟ ಎಂದು, ಕೊಂಕಣಿಯವರು ವಾಗಳೆ ಎಂದು ಕರೆಯುತ್ತಾರೆ. ಮೂರು ಭಾಷೆಯ ಜನ ಹೆಸರಿಟ್ಟು, ಕತ್ತರಿಸಿ, ಸಾರು ಮಾಡಿ ಉಣ್ಣುವ ಮೀನಿಗೆ ನಾನು ಪ್ಲಿನಿಯ ಮಾತು ಕೇಳಿ ನಡುಗುತ್ತಿದ್ದೆ!

ಆ ಪ್ಲಿನಿಯೇ ನನ್ನನ್ನು ಮತ್ತೊಂದು ಕಡೆಗೆ ಎಳೆದೊಯ್ದ. ಕ್ರಿ. ಶ. ೭೭ರಲ್ಲಿ ಮುಗಿಸಿದ ಆ ಗ್ರಂಥದಲ್ಲಿಯೇ, ಮುಜಿರಿಸ್ ಬಂದರಿಗೆ ಹೋಗುವ ಹಡಗುಗಳು ನಿಟ್ರಿಯಾಸ್ ಎಂಬಲ್ಲಿಯ ಕಡಲುಗಳ್ಳರಿಗೆ ಅಂಜಬೇಕು ಎಂಬ ಮಾತಿದೆ. ಈ ನಿಟ್ರಿಯಾಸ್ ನಮ್ಮ ನೇತ್ರಾಣಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಿರಲಿ, ಇಲ್ಲದಿರಲಿ, ನನಗೆ ಆಶ್ಚರ್ಯವಾದದ್ದು ಬೇರೆ. ರೋಮಿನವನು ನಮ್ಮ ಕಡಲಿನವರಿಗೆ ಅಂಜುತ್ತಿದ್ದ ಕಾಲವೊಂದಿತ್ತು. ಹಾಗಾದರೆ ನಾವು ಕಡಲಿಗೆ ಅಂಜತೊಡಗಿದ್ದು ಎಂದಿನಿಂದ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಖಾನಾಪುರದಿಂದ ನಂದಗಡದ ಮೇಲೆ ಹಾದು ಹೋದರೆ ಹಲಸಿ. ಹಿಂದಿನ ಪಲಾಶಿಕೆ ಇದು; ಬನವಾಸಿಯ ಕದಂಬರ ಉತ್ತರದ ನೆಲೆ. ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿದ. ಇಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟ್ ಪ್ರಕಟಿಸಿದುದರಿಂದಲೇ ಕದಂಬರ ವಂಶಾವಳಿ ನಮಗೆ ತಕ್ಕಮಟ್ಟಿಗೆ ತಿಳಿದದ್ದು. ಚಿಕ್ಕಂದಿನಿಂದ ನೋಡಿದ ಊರು. ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಹಲವು ಸಲ ಕರೆದೊಯ್ದು ಶಾಸನ ತೋರಿಸಿದ್ದೇನೆ. ಆದರೂ ಆ ಊರಿನಲ್ಲಿ ಸಮುದ್ರ ಇರುವುದು ನನಗೆ ಕಂಡಿರಲಿಲ್ಲ.

ಮುಂದೆ ಇದೇ ವಂಶದ ಹೆಸರು ಹೇಳಿಕೊಂಡು ಬಂದ ಗೋವೆಯ ಕದಂಬರು ಪಲಸಿಗೆ ಹನ್ನೆರಡು ಸಾಸಿರವನ್ನೂ ಕೊಂಕಣ ಒಂಬೈನೂರನ್ನೂ ಕೂಡಿಸಿ ಆಳಿದರು. ಅಂದರೆ ನಮ್ಮ ಹಲಸಿಯ ಗುಡ್ಡವೂ ಗೋವೆಯ ಬಂದರೂ ಒಂದೇ ಕೊಡೆಯ ಕೆಳಗೆ ಇದ್ದವು. ಅವರ ಪೂರ್ವಜ ಗುಹಲ್ಲದೇವ ಸೋಮನಾಥದ ಯಾತ್ರೆಗೆ ಹೊರಟದ್ದು ಹಡಗಿನಲ್ಲಿ. ನಡುದಾರಿಯಲ್ಲಿ ಕೂವೆಮರ ಮುರಿಯಿತು. ಗೋವೆಯ ರೇವು ಸೇರಿದಾಗ ಆತನ ನೆರವಿಗೆ ಬಂದವನು ಮದುಮೋದನೆಂಬ ಒಬ್ಬ ಮುಸಲ್ಮಾನ ವ್ಯಾಪಾರಿ. ೧೧ನೆಯ ಶತಮಾನದ ತಾಮ್ರಶಾಸನವೊಂದು ಈ ಉಪಕಾರವನ್ನು ಮರೆಯದೆ ನೆನೆಯುತ್ತದೆ. ಇನ್ನು ಷಷ್ಠದೇವನ ಮಾತಂತೂ ಧಾರವಾಡದ ಹತ್ತಿರದ ನರೇಂದ್ರದ ಶಾಸನದಲ್ಲಿ ಬಂದಿದೆ: ಹಡಗುಗಳ ಸಾಲನ್ನೇ ಲಂಕೆಯವರೆಗೆ ಸೇತುವೆಯಾಗಿ ಕಟ್ಟಿದನಂತೆ. ಶಾಸನಕವಿಯ ಉತ್ಪ್ರೇಕ್ಷೆ ಎನ್ನಿರಿ; ಆದರೆ ಆ ಕವಿಗೆ ಉತ್ಪ್ರೇಕ್ಷೆ ಮಾಡಲು ಹೊಳೆದದ್ದು ಹಡಗು, ಆನೆಯಲ್ಲ, ಕುದುರೆಯಲ್ಲ ಎಂಬುದನ್ನು ಮರೆಯಲಾಗದು. ಕೂವೆಮರ ಮುರಿದ ಮನೆತನದಲ್ಲಿ ಯಾರೂ “ನೀರಿಗೆ ಹೋಗಬೇಡ” ಎಂದಂತೆ ಕಾಣುವುದಿಲ್ಲ.

ಮಗಳನ್ನೂ ಅವ್ವನನ್ನೂ ಕರೆದುಕೊಂಡು ಒಂದು ಭಾನುವಾರ ಹಲಸಿಗೆ ಹೋದೆ. ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಶಿವಚಿತ್ತ ಪೆರ್ಮಾಡಿಯ ಕಾಲದಲ್ಲಿ, ೧೧೬೯ರಲ್ಲಿ, ನರಸಿಂಹನ ಪ್ರತಿಷ್ಠೆ. ಆತನ ತಮ್ಮ ವಿಜಯಾದಿತ್ಯನಿಂದ ೧೧೮೬-೮೭ರಲ್ಲಿ ವರಾಹನ ಪ್ರತಿಷ್ಠೆ. ಆಳೆತ್ತರದ ಆ ವರಾಹಮೂರ್ತಿಯ ಎದುರು ಅವ್ವ ಕೈಮುಗಿದು ಬಹಳ ಹೊತ್ತು ನಿಂತಳು. ಕಡಲಿಗೆ ಧುಮುಕಿ ಮುಳುಗಿದ್ದನ್ನು ಮೇಲೆತ್ತಿ ತಂದ ದೇವರು ಅವನು. ಅವಳು ಏನು ನೆನೆದಳೋ ನಾನು ಕೇಳಲಿಲ್ಲ.

ಅಂಜಿಕೆಗೆ ಶಾಸ್ತ್ರದ ಆಧಾರವೂ ಇದೆ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪಾತಕಗಳ ಪಟ್ಟಿಗೆ ಸೇರಿಸಿದೆ. ತಮಾಷೆಯೆಂದರೆ, ಅದೇ ಗ್ರಂಥ ಇದನ್ನು ಉತ್ತರದವರ ವಿಶೇಷವಾದ ದುರಭ್ಯಾಸಗಳಲ್ಲಿ, ಉಣ್ಣೆ ಮಾರುವುದು, ಹೆಂಡ ಕುಡಿಯುವುದು ಇವುಗಳ ಜೊತೆಗೆ ಎಣಿಸಿದೆ. ಮುಂದೆ ಕಲಿಯುಗದಲ್ಲಿ ವರ್ಜ್ಯವಾದವುಗಳಲ್ಲಿ ಇದೂ ನಿಂತಿತು. ಅರಸರು, ವ್ಯಾಪಾರಿಗಳು, ಬೆಸ್ತರು ಇದನ್ನು ಎಷ್ಟು ಲೆಕ್ಕಿಸಿದರೆಂಬುದಕ್ಕೆ ಮೇಲಿನ ಶಾಸನಗಳೇ ಸಾಕ್ಷಿ. ಆದರೆ ಓದುಬರೆಹ ಬಲ್ಲ ಮನೆಗಳಲ್ಲಿ ಅದು ಗಟ್ಟಿಯಾಗಿ ಬೇರೂರಿತು. ೧೮೮೮ರಲ್ಲಿ ಹತ್ತೊಂಬತ್ತು ತುಂಬದ ಒಬ್ಬ ತರುಣ ಇಂಗ್ಲಂಡಿಗೆ ಹೊರಟಾಗ ಮುಂಬಯಿಯಲ್ಲಿ ಅವನ ಜಾತಿಯ ಹಿರಿಯರು ಸಭೆ ಸೇರಿ ಅವನಿಗೆ ಬಹಿಷ್ಕಾರ ಹಾಕಿದರು. ಅದೇ ಮೋಹನದಾಸ ಗಾಂಧಿ ೧೯೨೪ರ ಡಿಸೆಂಬರದಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಕುಳಿತರು. ಆ ಅಧಿವೇಶನದ ನೀರಿಗಾಗಿ ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ.

ಅದಕ್ಕೂ ಮೊದಲಿನ ಸಂಗತಿಯೊಂದು ನನಗೆ ಇನ್ನೂ ಹತ್ತಿರದ್ದು. ೧೮೯೨ರ ಅಕ್ಟೋಬರದಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದಿದ್ದರು. ವಕೀಲ ಭಾಟೆಯವರ ಮನೆಯಲ್ಲಿ ಮೂರು ದಿನ, ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಒಂಬತ್ತು ದಿನ ಇದ್ದರು. ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋಗುವ ವಿಚಾರವನ್ನು ಇಲ್ಲಿ ಮಿತ್ರರ ಮುಂದೆ ಆಡಿದರು. ಚಂದಾ ಎತ್ತುತ್ತೇನೆಂದರೆ ಬೇಡವೆಂದರು. ಎರಡು ತಿಂಗಳ ಮೇಲೆ ಕನ್ಯಾಕುಮಾರಿಯಲ್ಲಿ ದೋಣಿಗೆ ಕೊಡಲು ಕಾಸಿಲ್ಲದೆ ಬಂಡೆಯವರೆಗೆ ಈಜಿಯೇ ಹೋದರೆಂದು ಜೀವನಚರಿತ್ರಕಾರರು ಬರೆಯುತ್ತಾರೆ. ೧೮೯೩ರ ಮೇ ೩೧ರಂದು ಮುಂಬಯಿಯಿಂದ ಹಡಗು ಹತ್ತಿದರು. ಕೋಟೆಯಲ್ಲಿ ಅವರಿದ್ದ ಆ ಮನೆ ಈಗ ರಾಮಕೃಷ್ಣ ಆಶ್ರಮದ ವಶದಲ್ಲಿದೆ. ನಾನು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ. ಹೊರಬಂದು ಕೋಟೆಕೆರೆಯ ದಂಡೆಯಲ್ಲಿ ನಡೆಯುವಾಗ ಪ್ರತಿಸಲವೂ ನೀರಿನ ಕಡೆಯ ಬದಿಯನ್ನು ಬಿಟ್ಟೇ ನಡೆದಿದ್ದೇನೆ.

ವಾದ ಸೋತಿತು. ಡಿಸೆಂಬರದಲ್ಲಿ ನಾವು ಮೂವರೂ ಮುರ್ಡೇಶ್ವರಕ್ಕೆ ಹೋದೆವು. ಹೊರಡುವ ಹಿಂದಿನ ರಾತ್ರಿ ಮಗಳಿಗೆ ಮಲಪ್ರಭೆಯ ಆ ಸಂಜೆಯನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಆ ಹುಡುಗನ ಹೆಸರು ಏನಿತ್ತು ಎಂದು ಮಾತ್ರ ಕೇಳಿದಳು. ಎಷ್ಟೋ ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಿಂದ ಬಂದಿತು.

ನೇತ್ರಾಣಿ ದಂಡೆಯಿಂದ ಸುಮಾರು ೧೯ ಕಿಲೋಮೀಟರು. ದೋಣಿ ಹೊರಟು ಅರ್ಧ ತಾಸಿನಲ್ಲಿ ನನ್ನ ಬೆಳಗಿನ ಉಪಾಹಾರ ಸಮುದ್ರದ ಪಾಲಾಯಿತು. ದ್ವೀಪದ ಕಡಿದಾದ ಬಂಡೆಗಳ ಮಗ್ಗುಲಲ್ಲಿ ಲಂಗರು ಹಾಕಿದರು. ಮಗಳು ಇಳಿದಳು. ನಾನು ಲೈಫ್ ಜಾಕೆಟ್ ತೊಟ್ಟು, ಮೂಗು ಮುಚ್ಚುವ ಕನ್ನಡಕ ಹಾಕಿಕೊಂಡು, ಬಾಯಲ್ಲಿ ಉಸಿರುಕೊಳವೆ ಕಚ್ಚಿಕೊಂಡು ಏಣಿಯ ಮೇಲೆಯೇ ಎಷ್ಟೋ ಹೊತ್ತು ಕುಳಿತಿದ್ದೆ. ದೋಣಿಯವನು, “ಮಾಷ್ಟ್ರೇ, ಹೆದರಬೇಡಿ. ಕೈ ಬಿಡಿ, ನೀರೇ ಹಿಡ್ಕೊಳ್ತದೆ” ಎಂದ. ಕೈ ಬಿಡಲಿಲ್ಲ. ಏಣಿಯ ಕೊನೆಯ ಮೆಟ್ಟಲನ್ನು ಹಿಡಿದುಕೊಂಡೇ ಮುಖವನ್ನು ನೀರಿಗಿಟ್ಟೆ.

ನನ್ನ ಉಸಿರು ನನಗೇ ಗಾಣದ ಸದ್ದಿನಂತೆ ಕೇಳಿಸುತ್ತಿತ್ತು. ಕೆಳಗೆ ಹಳದಿ ಪಟ್ಟೆಯ ಸಣ್ಣ ಮೀನುಗಳು, ಬಂಡೆ, ಬಂಡೆಯ ನಡುವೆ ತುಸು ಮರಳು. ಆ ಮರಳಿನ ಒಂದು ಭಾಗ ಎದ್ದು ಮೈ ಕೊಡವಿತು. ಅದು ತೊರಕೆ. ಅಂಚುಗಳನ್ನು ಅಲೆಯಲೆಯಾಗಿ ಆಡಿಸುತ್ತ, ಉದ್ದ ಬಾಲವನ್ನು ಹಿಂದೆ ಬಿಟ್ಟುಕೊಂಡು, ನನ್ನ ಕಾಲಿನ ಕೆಳಗೆ ಬಹಳ ಆಳದಲ್ಲಿ ಹಾದು ಹೋಯಿತು. ನಾನು ಅಲ್ಲಿದ್ದೇನೆಂಬುದೂ ಅದಕ್ಕೆ ಲೆಕ್ಕವಿರಲಿಲ್ಲ. ಬೆರಳು ಮಾಡಿ ಮಗಳಿಗೆ ತೋರಿಸಿದೆ. ತೋರಿಸಿದ ಮೇಲೆ ತಿಳಿಯಿತು, ಎರಡೂ ಕೈ ಏಣಿಯನ್ನು ಬಿಟ್ಟಿದ್ದವು.

ಸಂಕ್ರಾಂತಿಗೆ ಊರಿಗೆ ಹೋದಾಗ ಎಲ್ಲರೂ ಅಸೋಗಾಕ್ಕೆ ಹೋದೆವು. ರಾಮೇಶ್ವರನ ಗುಡಿಯ ಹತ್ತಿರ ಮಲಪ್ರಭೆ ಚಳಿಗಾಲದಲ್ಲಿ ಬಂಡೆಗಳ ಮೇಲೆ ಸಣ್ಣಗೆ ಹರಿಯುತ್ತಾಳೆ. ಮಗಳು ಮುಂದೆ ಇಳಿದಳು, ನಾನು ಹಿಂದಿನಿಂದ ಸೊಂಟದವರೆಗೆ ಇಳಿದೆ. ಅವ್ವ ದಂಡೆಯ ಮೇಲೆ ಕುಳಿತು ನೋಡುತ್ತಿದ್ದಳು. ನನ್ನ ಅಂಗಿ ಅವಳ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಮಡಚಿ ಬಂಡೆಯ ಮೇಲಿಟ್ಟು, ಬುತ್ತಿಯ ಗಂಟು ಬಿಚ್ಚತೊಡಗಿದಳು.