ಮಂಜೂರು ಮಾಡಿದವರು, ಫಲ ಕಂಡವರು: ಪೊಲ್ಲಾಚಿಯ ನೆಲದಿಂದ ಬಾಹ್ಯಾಕಾಶದ ಬಜೆಟ್ಟನ್ನು ನೋಡುವುದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ವಿಷಯ ಬಾಹ್ಯಾಕಾಶಕ್ಕೆ ಸಿಗುವ ಹಣ ಮತ್ತು ಅದರ ಹಿಂದಿರುವ ರಾಜಕೀಯ ಬದ್ಧತೆ. ಬದ್ಧತೆ ಅಂದ ಕೂಡಲೇ ನಾವು ಕೆಂಪುಕೋಟೆಯ ಭಾಷಣ ಹುಡುಕುತ್ತೇವೆ. ಅದು ಸಾಲದು ಅನ್ನುವುದು ನನ್ನ ವಾದ. ಒಂದು ಸರ್ಕಾರ ಮಂಜೂರು ಮಾಡಿದ್ದಕ್ಕೆ ಮುಂದಿನ ಸರ್ಕಾರ ಹಣ ಕಟ್ಟುತ್ತಾ ಹೋಗುತ್ತದೆಯೇ ಇಲ್ಲವೇ, ಅಳತೆ ಅಲ್ಲಿದೆ. ಇದನ್ನು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕಡೆಯಿಂದ ನೋಡೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮಂಥವರಿಗೆ ಇದು ಊರಿನ ಇತಿಹಾಸವೂ ಹೌದು.

1. ಒಂದೇ ಸೀಮೆಯ ಇಬ್ಬರು

ಪೊಲ್ಲಾಚಿಯ ಸುತ್ತಿನ ಹಳ್ಳಿಗಳಿಂದ ಇಬ್ಬರು ಈ ಕಥೆಯೊಳಗೆ ಬರುತ್ತಾರೆ. ಸೆಂಗುಟ್ಟೈಪಾಳಯಂನಲ್ಲಿ 1910ರಲ್ಲಿ ಹುಟ್ಟಿದ ಸಿ. ಸುಬ್ರಮಣಿಯಂ, ಕೋದವಾಡಿಯಲ್ಲಿ 1958ರಲ್ಲಿ ಹುಟ್ಟಿದ ಮೈಲ್‌ಸ್ವಾಮಿ ಅಣ್ಣಾದುರೈ. ಮೊದಲನೆಯವರು ಅನ್ನದ ಮಂತ್ರಿ, ಎರಡನೆಯವರು ಚಂದ್ರಯಾನ-1ರ ಯೋಜನಾ ನಿರ್ದೇಶಕ. 'ಹೊಟ್ಟೆಗೆ ಹಿಟ್ಟಿಲ್ಲ, ಚಂದ್ರನ ಮೇಲೆ ಕಣ್ಣು' ಅನ್ನುವ ಹಳೇ ಟೀಕೆಯ ಎರಡೂ ತುದಿ ಒಂದೇ ಸೀಮೆಯಲ್ಲಿ ಸಿಗುತ್ತವೆ.

ಕಾಲವನ್ನು ಗಮನಿಸಿ. ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 21 ನವೆಂಬರ್ 1963. ಮರುವರ್ಷ ಸುಬ್ರಮಣಿಯಂ ಆಹಾರ ಮತ್ತು ಕೃಷಿ ಸಚಿವರಾದರು. 1965-66ರಲ್ಲಿ ಬರ, 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಆಮದು, ಅದೇ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ. ವಿದೇಶಿ ವಿನಿಮಯಕ್ಕೆ ಅಷ್ಟು ತತ್ವಾರ ಇದ್ದಾಗ ಅವರು ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಲು ಹಟ ಹಿಡಿದರು. ದೆಹಲಿಯ ಬಂಗಲೆಯ ಹುಲ್ಲುಹಾಸು ಕಿತ್ತು ಅಲ್ಲೇ ಗೋಧಿ ಬೆಳೆದು ತೋರಿಸಿದರು.

ಆಮೇಲೆ ಏನಾಯ್ತು? 1967ರ ಲೋಕಸಭಾ ಚುನಾವಣೆಯಲ್ಲಿ ಗೋಪಿಚೆಟ್ಟಿಪಾಳಯಂನಲ್ಲಿ ಅವರು ಸೋತರು. ಭಾಷಾ ಚಳವಳಿ, ಅಕ್ಕಿಯ ಕೊರತೆ, ಡಿಎಂಕೆ ಅಲೆ, ಎಲ್ಲಾ ಸೇರಿತ್ತು. 1968ರಲ್ಲಿ ದಾಖಲೆಯ ಗೋಧಿ ಬೆಳೆ ಬಂದು, 'ಗೋಧಿ ಕ್ರಾಂತಿ'ಯ ಅಂಚೆಚೀಟಿ ಬಿಡುಗಡೆಯಾದಾಗ ಅವರು ಮಂತ್ರಿಯೂ ಅಲ್ಲ, ಸಂಸದರೂ ಅಲ್ಲ. ಆದರೆ ಬೀಜದ ಕಾರ್ಯಕ್ರಮ ನಿಲ್ಲಲಿಲ್ಲ. ಬದ್ಧತೆ ಅನ್ನುವುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದು, ರಾಕೆಟ್ಟಿನದ್ದಲ್ಲ.

2. ಅನ್ನ ಮತ್ತು ಉಪಗ್ರಹ

ಸುಬ್ರಮಣಿಯಂ 1971ರಲ್ಲಿ ಸಂಸತ್ತಿಗೆ ಮರಳಿದರು, 1974ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವರಾದರು. ಅವರ ಅವಧಿಯಲ್ಲೇ, 19 ಏಪ್ರಿಲ್ 1975ರಂದು, ಆರ್ಯಭಟ ಹಾರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. ಹಾರಿಸಿದ್ದು ಸೋವಿಯತ್ ರಾಕೆಟ್. ಮುಂದೆ ಎರಡು ರೂಪಾಯಿ ನೋಟಿನ ಹಿಂಬದಿಗೆ ಅದರ ಚಿತ್ರ ಬಂತು. ನಮ್ಮ ಅಜ್ಜಂದಿರು ಸಂತೆಯಲ್ಲಿ ಎಣಿಸಿಕೊಟ್ಟ ನೋಟು ಅದೇ.

ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸುವ ಸೈಟ್ ಪ್ರಯೋಗ ಶುರುವಾಯ್ತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ತೋರಿಸಿದ್ದರಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇದ್ದವು. ಬಾಹ್ಯಾಕಾಶಕ್ಕೆ ಅಂದಿನ ಬಡ ದೇಶ ಕೊಟ್ಟುಕೊಂಡ ಸಮರ್ಥನೆ ಇದೇ: ನಮಗೆ ಪೈಪೋಟಿ ಬೇಡ, ಹಳ್ಳಿಗೆ ಉಪಯೋಗ ಬೇಕು.

ಸಾಂಸ್ಥಿಕ ತಳಪಾಯ ಬಿದ್ದದ್ದು 1972ರಲ್ಲಿ. ಬಾಹ್ಯಾಕಾಶ ಆಯೋಗ ಮತ್ತು ಇಲಾಖೆ ಎರಡೂ ರಚನೆಯಾಗಿ, ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗೆ ಬಂತು. ಸತೀಶ್ ಧವನ್ ಹೊಣೆ ಹೊರಲು ಷರತ್ತು ಹಾಕಿದರು: ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಇಂದಿರಾ ಗಾಂಧಿ ಒಪ್ಪಿದರು. ಹತ್ತು ವರ್ಷದ ನಂತರ, 1982ರಲ್ಲಿ, ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಅಣ್ಣಾದುರೈ ಬೆಂಗಳೂರಿಗೆ ಬಂದದ್ದು ಈ ನಿರ್ಧಾರದಿಂದಾಗಿಯೇ.

3. ಯಾರು ಕೊಟ್ಟರು, ಯಾರು ಕಂಡರು

ಪರದೆಯ ಮೇಲಿನ ಪಟ್ಟಿ ನೋಡಿ. ಚಂದ್ರಯಾನ-1: ಘೋಷಿಸಿದ್ದು ವಾಜಪೇಯಿ, 15 ಆಗಸ್ಟ್ 2003, ಹಾರಿದ್ದು 22 ಅಕ್ಟೋಬರ್ 2008, ಮನಮೋಹನ್ ಸಿಂಗ್ ಕಾಲದಲ್ಲಿ, ವೆಚ್ಚ 386 ಕೋಟಿ. ಮಂಗಳಯಾನ: ಘೋಷಿಸಿದ್ದು ಮನಮೋಹನ್ ಸಿಂಗ್, 2012ರಲ್ಲಿ, ಮಂಗಳನ ಕಕ್ಷೆ ಸೇರಿದ್ದು 24 ಸೆಪ್ಟೆಂಬರ್ 2014, ಮೋದಿ ಕಾಲದಲ್ಲಿ, 450 ಕೋಟಿ. ಚಂದ್ರಯಾನ-2: ಮಂಜೂರು 2008, ಉಡಾವಣೆ 2019. ಮೂರರಲ್ಲೂ ಕೊಟ್ಟ ಕೈ ಬೇರೆ, ಫೋಟೋದಲ್ಲಿರುವ ಮುಖ ಬೇರೆ. ಪೊಲ್ಲಾಚಿ ಕಡೆ ತೆಂಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿ ನೆಡುವವರು ಒಬ್ಬರು, ಎಳನೀರು ಕುಡಿಯುವವರು ಇನ್ನೊಬ್ಬರು.

ಇನ್ನೂ ಕಠಿಣ ಪರೀಕ್ಷೆ ಕ್ರಯೋಜೆನಿಕ್ ಇಂಜಿನ್ನಿನದು. ರಷ್ಯಾದಿಂದ ತಂತ್ರಜ್ಞಾನ ತರುವ ಒಪ್ಪಂದ ಅಮೆರಿಕದ ಒತ್ತಡದಿಂದ 1993ರಲ್ಲಿ ಮುರಿಯಿತು. ಸ್ವಂತ ಇಂಜಿನ್ ಮಾಡುವ ಯೋಜನೆಗೆ 1994ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಯಶಸ್ವಿಯಾಗಿ ಹಾರಿದ್ದು 5 ಜನವರಿ 2014. ಇಪ್ಪತ್ತು ವರ್ಷ! ನಡುವೆ ಎಷ್ಟು ಪ್ರಧಾನಿಗಳು ಬಂದು ಹೋದರು, ಲೆಕ್ಕ ಹಾಕಿ. ಯಾರೂ ಕಡತ ಮುಚ್ಚಲಿಲ್ಲ.

ಅಮೆರಿಕದ ದಾರಿ ಬೇರೆ. 1966ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ನೂರು ಡಾಲರ್ ಖರ್ಚಿನಲ್ಲಿ ನಾಲ್ಕಕ್ಕೂ ಹೆಚ್ಚು ನಾಸಾಗೆ ಹೋಗುತ್ತಿತ್ತು. ಚಂದ್ರನ ಮೇಲೆ ಕಾಲಿಟ್ಟ ಮರುವರ್ಷವೇ, 1970ರಲ್ಲಿ, ಅಪೋಲೋದ ಕೊನೆಯ ಮೂರು ಯಾನಗಳು ರದ್ದಾದವು. ನಮ್ಮಲ್ಲಿ 2023-24ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 12,543 ಕೋಟಿ. ಕೇಂದ್ರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಸುಮಾರು 28 ಪೈಸೆ. ಚಿಕ್ಕ ಮೊತ್ತವಾದ್ದರಿಂದ ಉಳಿಯಿತು ಎಂದರೆ ತಪ್ಪಾಗಲಾರದು.

4. ಚಂದ್ರನಿಗಿಂತ ದೂರದ ಕೆರೆ

ಈಗ ನನ್ನನ್ನು ಕಾಡುವ ಭಾಗಕ್ಕೆ ಬರುತ್ತೇನೆ. ಅತ್ತಿಕಡವು-ಅವಿನಾಶಿ ಯೋಜನೆ. ಭವಾನಿಯ ಹೆಚ್ಚುವರಿ ನೀರು 1.5 ಟಿಎಂಸಿಯನ್ನು ಕಾಳಿಂಗರಾಯನ್ ಅಣೆಕಟ್ಟಿನ ಕೆಳಗಿನಿಂದ ಎತ್ತಿ ಕೊಯಮತ್ತೂರು, ತಿರುಪ್ಪೂರು, ಈರೋಡ್ ಜಿಲ್ಲೆಗಳ 1,045 ಕೆರೆಕಟ್ಟೆಗಳಿಗೆ ತುಂಬಿಸುವುದು. ಜನ ಆರು ದಶಕ ಕೇಳಿದರು. ಶಂಕುಸ್ಥಾಪನೆ ಆದದ್ದು 2019ರಲ್ಲಿ, ಉದ್ಘಾಟನೆ 17 ಆಗಸ್ಟ್ 2024ರಂದು. ವೆಚ್ಚ ಸುಮಾರು 1,916 ಕೋಟಿ. ಅಂದರೆ, ಅವಿನಾಶಿಯ ಕೆರೆಗೆ ನೀರು ಬರುವ ಮೊದಲೇ ಚಂದ್ರಯಾನ-3 ದಕ್ಷಿಣ ಧ್ರುವದ ಬಳಿ ಇಳಿದಾಗಿತ್ತು.

'ಚಂದ್ರನಿಗೆ ಹೋಗದಿದ್ದರೆ ನೀರು ಬರುತ್ತಿತ್ತು' ಎನ್ನಬಹುದೇ? ಲೆಕ್ಕ ಹಾಗೆ ಹೇಳುವುದಿಲ್ಲ. ಚಂದ್ರಯಾನ-1, ಮಂಗಳಯಾನ, ಸುಮಾರು 615 ಕೋಟಿಯ ಚಂದ್ರಯಾನ-3, ಮೂರನ್ನೂ ಕೂಡಿದರೆ 1,451 ಕೋಟಿ. ಈ ಒಂದು ನೀರಿನ ಯೋಜನೆಗೂ ಸಾಲದು. ಜೊತೆಗೆ ಒಂದು ಕೇಂದ್ರದ ಥೈಲಿ, ಇನ್ನೊಂದು ರಾಜ್ಯದ್ದು.

ವ್ಯತ್ಯಾಸ ಇರುವುದು ಹಣದಲ್ಲಲ್ಲ, ಹಕ್ಕುದಾರರಲ್ಲಿ. ಭವಾನಿ ಕಾವೇರಿಯ ಉಪನದಿ. ಅದರ ನೀರಿಗೆ ಕೊಡಿವೇರಿ, ಕಾಳಿಂಗರಾಯನ್, ಕೆಳಭವಾನಿ ಅಚ್ಚುಕಟ್ಟಿನ ರೈತರು ಮೊದಲಿನಿಂದ ಇದ್ದಾರೆ. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರನ್ನು ಒಪ್ಪಿಸಬೇಕು. ಚಂದ್ರನ ಮೇಲೆ ಯಾರ ಪಟ್ಟಾವೂ ಇಲ್ಲ. ಅಲ್ಲಿಗೆ ಹೋದರೆ ಯಾವ ಕ್ಷೇತ್ರದ ಮತದಾರನೂ ಸೋಲುವುದಿಲ್ಲ. ಬಾಹ್ಯಾಕಾಶದ ಬದ್ಧತೆಯನ್ನು ಹೊಗಳುವಾಗ ಈ ಅನುಕೂಲವನ್ನು ನಾವು ಮರೆಯುತ್ತೇವೆ. ಹಾಗಂತ ಕೆರೆಯ ಕಥೆಯಲ್ಲೂ ಒಂದು ಪಾಠ ಇದೆ: ಅಣ್ಣಾ ಡಿಎಂಕೆ ಶುರು ಮಾಡಿದ ಕೆಲಸವನ್ನು ಡಿಎಂಕೆ ಮುಗಿಸಿತು. ಕೆಲಸ ಒಮ್ಮೆ ನೆಲಕ್ಕಿಳಿದ ಮೇಲೆ ಇಲ್ಲೂ ಮುಂದಿನ ಸರ್ಕಾರ ಹಣ ಕಟ್ಟಿತು. ಕಷ್ಟವಿದ್ದದ್ದು ಆ ಮೊದಲ ಮಂಜೂರಾತಿಯಲ್ಲಿ.

ಚರ್ಚೆ

*ಅಧ್ಯಾಪಕರೊಬ್ಬರು:* ಹಾಗಾದರೆ ನಿಮ್ಮ ಪ್ರಕಾರ ಬಾಹ್ಯಾಕಾಶದ ಬಗ್ಗೆ ಆದ್ಯತೆಯ ಪ್ರಶ್ನೆಯನ್ನೇ ಕೇಳಬಾರದೇ?

ಕೇಳಲೇಬೇಕು ಸರ್, ಮುಂದೆ ಇನ್ನೂ ಹೆಚ್ಚು ಕೇಳಬೇಕಾಗುತ್ತದೆ. ಗಗನಯಾನ ಕಾರ್ಯಕ್ರಮದ ಒಟ್ಟು ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ 20,193 ಕೋಟಿಗೆ ಏರಿತು. 386 ಕೋಟಿಯ ಕಾಲ ಮುಗಿಯಿತು. ಮೊತ್ತ ಚಿಕ್ಕದಿದ್ದಾಗ ಯಾರೂ ಜಗಳ ತೆಗೆಯಲಿಲ್ಲ. ದೊಡ್ಡದಾದಾಗಲೂ ಮುಂದಿನ ಸರ್ಕಾರಗಳು ಕಟ್ಟುತ್ತವೆಯೇ ಅನ್ನುವುದು ಇನ್ನು ತಿಳಿಯಬೇಕು. ಒಂದೇ ಮಾತು ಸೇರಿಸುತ್ತೇನೆ. 1966ರಲ್ಲಿ ಸುಬ್ರಮಣಿಯಂ ಅವರ ಮುಂದಿದ್ದದ್ದೂ ಇದೇ ಥರದ ಪ್ರಶ್ನೆ: ಇಂದಿನ ಹಸಿವಿಗೆ ಧಾನ್ಯ ಕೊಳ್ಳುವುದೋ, ನಾಳೆಯ ಬೆಳೆಗೆ ಬೀಜ ಕೊಳ್ಳುವುದೋ. ಅವರು ಎರಡನ್ನೂ ಕೊಂಡರು, ಚುನಾವಣೆಯಲ್ಲಿ ಸೋತರು. ಅಷ್ಟು ಬೆಲೆ ತೆತ್ತ ಬದ್ಧತೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಈವರೆಗೆ ಯಾವ ರಾಜಕಾರಣಿಯಿಂದಲೂ ಬೇಕಾಗಿಲ್ಲ. ಅವಿನಾಶಿಯ ಕೆರೆಗೆ ಬೇಕಾಗಿತ್ತು.