ಅನ್ನನಾಳದ ಕ್ಯಾನ್ಸರ್: ಎಂಡೋಸ್ಕೋಪಿಗೆ ಪೆಟ್ ಸ್ಕ್ಯಾನ್ ಪರ್ಯಾಯವೇ?

ಗಂಟಲಿನಿಂದ ಜಠರಕ್ಕೆ ಆಹಾರ ಸಾಗಿಸುವ, ಸುಮಾರು 25 ಸೆಂ.ಮೀ. ಉದ್ದದ ಕೊಳವೆಯೇ ಅನ್ನನಾಳ. ಇದರ ಕ್ಯಾನ್ಸರ್ ಸಾಮಾನ್ಯವಾಗಿ ಗಮನಕ್ಕೆ ಬರುವುದು ನುಂಗಲು ತೊಂದರೆಯಾದಾಗ. ಮೊದಲು ರೊಟ್ಟಿಯಂತಹ ಗಟ್ಟಿ ಆಹಾರ, ಬರಬರುತ್ತ ಗಂಜಿ, ನೀರೂ ಇಳಿಯದಂತಾಗುತ್ತದೆ; ದೇಹದ ತೂಕ ಕುಸಿಯುತ್ತದೆ. ತಂಬಾಕು, ಮದ್ಯ, ಎಲೆ-ಅಡಿಕೆ ಸೇವನೆ ಈ ರೋಗದ ಪ್ರಮುಖ ಕಾರಣಗಳಲ್ಲಿ ಸೇರಿವೆ.

ಬಾಯಿಯ ಮೂಲಕ ನಳಿಕೆ ಇಳಿಸುವ ಎಂಡೋಸ್ಕೋಪಿಗೆ ಅಂಜಿ, ಸ್ಕ್ಯಾನ್ ಮಾಡಿಸಿದರೆ ಸಾಲದೇ ಎಂದು ಕೇಳುವ ರೋಗಿಗಳುಂಟು. ಸಾಲದು ಎಂಬುದೇ ವೈದ್ಯವಿಜ್ಞಾನದ ಉತ್ತರ.

ಪೆಟ್ ಸ್ಕ್ಯಾನ್ ವಿಧಾನ

ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಗ್ಲೂಕೋಸನ್ನು ಹೋಲುವ ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಜೋಡಿಸಿದ ಎಫ್‌ಡಿಜಿ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು ಒಂದು ಗಂಟೆಯ ನಂತರ ಚಿತ್ರ ತೆಗೆಯಲಾಗುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ ಮಾತ್ರ. ಆದ್ದರಿಂದ ಅದು ತಯಾರಾಗುವ ಸೈಕ್ಲೋಟ್ರಾನ್‌ನಿಂದ ಆಸ್ಪತ್ರೆಗೆ ಬೇಗನೆ ತಲುಪಬೇಕು. ಭಾರತದಲ್ಲಿ ಈ ಪರೀಕ್ಷೆ 2002ರಲ್ಲಿ ಮುಂಬೈನಲ್ಲಿ ಆರಂಭವಾಯಿತು.

ಮಿತಿಗಳು

ಒಳಪದರಕ್ಕೆ ಸೀಮಿತವಾದ ಆರಂಭಿಕ ಗಡ್ಡೆ ಪೆಟ್ ಚಿತ್ರದಲ್ಲಿ ಕಾಣದೇ ಹೋಗಬಹುದು. ಆಮ್ಲ ಮೇಲೇರುವುದರಿಂದಾದ ಉರಿಯೂತವೂ ಕ್ಯಾನ್ಸರ್‌ನಂತೆಯೇ ಹೊಳೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನ್ ಅಂಗಾಂಶದ ತುಣುಕನ್ನು ತೆಗೆದುಕೊಡದು. ಬಯಾಪ್ಸಿ ಇಲ್ಲದೆ ರೋಗ ದೃಢಪಡುವುದಿಲ್ಲ, ಅದರ ಬಗೆಯೂ ತಿಳಿಯುವುದಿಲ್ಲ.

ಉಪಯೋಗ

ರೋಗ ಯಕೃತ್ತು, ಮೂಳೆ, ದೂರದ ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನು ಪತ್ತೆಹಚ್ಚುವಲ್ಲಿ ಪೆಟ್-ಸಿಟಿಯ ಪಾತ್ರ ದೊಡ್ಡದು. ಇದರಿಂದ ನಿಷ್ಪ್ರಯೋಜಕ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಕಿಮೊಥೆರಪಿ ಮತ್ತು ವಿಕಿರಣ ಚಿಕಿತ್ಸೆಯ ನಂತರದ ತಪಾಸಣೆಯಲ್ಲೂ ಎರಡೂ ಬೇಕು. ನೆದರ್‌ಲೆಂಡ್ಸ್‌ನ ‘ಪ್ರೀಸ್ಯಾನೊ’ ಅಧ್ಯಯನ (2018), ಅನ್ನನಾಳದಲ್ಲಿ ಉಳಿದ ಗಡ್ಡೆಯ ಪತ್ತೆಗೆ ಆಳವಾದ ಬಯಾಪ್ಸಿ ಸಹಿತ ಎಂಡೋಸ್ಕೋಪಿ ಹಾಗೂ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡನ್ನೂ, ದೂರದ ಹರಡುವಿಕೆಯ ಪತ್ತೆಗೆ ಪೆಟ್-ಸಿಟಿಯನ್ನೂ ಶಿಫಾರಸು ಮಾಡಿತು.

ರೋಗಿಗಳು ಮಾಡಬೇಕಾದುದು

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂತಹ ಊರಿನವರು ನುಂಗುವ ತೊಂದರೆಗೆ ಮೊದಲೇ ದೂರದ ನಗರಕ್ಕೆ ಸ್ಕ್ಯಾನ್‌ಗಾಗಿ ತೆರಳಬೇಕಿಲ್ಲ. ಎಂಡೋಸ್ಕೋಪಿ ಸಮೀಪದ ದಾವಣಗೆರೆಯಲ್ಲೇ ಲಭ್ಯ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ ಮಾಡುವ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು. ರೋಗ ದೃಢಪಟ್ಟರೆ, ಪೆಟ್-ಸಿಟಿ ಅಗತ್ಯವೇ ಎಂಬುದನ್ನು 1973ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕ್ಯಾನ್ಸರ್ ಕೇಂದ್ರಗಳ ತಜ್ಞರು ನಿರ್ಧರಿಸುತ್ತಾರೆ. ನಳಿಕೆಯ ಭಯದಿಂದ ಕಳೆಯುವ ವಾರಗಳಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ.